ತೋಡಿನ ನೀರು ಕೆಟ್ಟಿದೆಯಾ? ಲಕ್ಷಣ ನೋಡಿ ಮೂಲ ಹುಡುಕುವ ಕೈಪಿಡಿ

ತೋಡಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿದ ತಕ್ಷಣ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ಹತ್ತು ನಿಮಿಷದೊಳಗೆ ಯಾರಾದರೂ ಒಂದು ಕಾರ್ಖಾನೆಯ ಹೆಸರು ಹೇಳಿಬಿಡುತ್ತಾರೆ. ಮಾರನೇ ದಿನ ಅಧಿಕಾರಿ ಬಂದು ನೋಡಿದರೆ ಅದು ಮುರಕಲ್ಲಿನಿಂದ (ಕೆಂಪುಕಲ್ಲಿನಿಂದ) ಒಸರಿದ ಕಬ್ಬಿಣದ ಕೆಸರು. ಮುಂದೊಂದು ದಿನ ನಿಜವಾಗಿ ಡೀಸೆಲ್ ಹರಿದಾಗ ಫೋನ್ ಎತ್ತುವವರೇ ಇರುವುದಿಲ್ಲ.

ಮಂಗಳೂರು, ಉಡುಪಿಯ ನೀರಿಗೆ ಅದರದೇ ಆದ ಕೆಲವು ಚಾಳಿಗಳಿವೆ. ಕೆಂಪುಕಲ್ಲು, ಜಡಿಮಳೆ, ಉಬ್ಬರ ಇಳಿತ ಈ ಮೂರೂ ಸೇರಿ ನೀರಿನ ಬಣ್ಣ, ವಾಸನೆ ಬದಲಾಗುತ್ತಿರುತ್ತದೆ. ಮೊದಲು ಅದನ್ನು ಬದಿಗಿಡಿ. ಉಳಿದದ್ದು ದೋಷ. ಆ ದೋಷವೂ ನೀವು ನಿಂತ ಜಾಗದಲ್ಲೇ ಇರುವುದು ಅಪರೂಪ, ಮೇಲೆಲ್ಲೋ ಇರುತ್ತದೆ. ಹಾಗಾಗಿ ಇದು ಅರ್ಧ ನೀರು ನೋಡುವ ಕೆಲಸ, ಅರ್ಧ ನಡೆಯುವ ಕೆಲಸ.

ಹೊರಡುವ ಮೊದಲು

ಮೂರು ವಿಷಯ ಬರೆದುಕೊಳ್ಳಿ: ನಿನ್ನೆಯಿಂದ ಮಳೆ ಬಂದಿದೆಯಾ, ಈಗ ಗಂಟೆ ಎಷ್ಟು, ಉಬ್ಬರವೋ ಇಳಿತವೋ. ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ. ಜಪ್ಪಿನಮೊಗರು, ಕುದ್ರೋಳಿ, ಕಲ್ಮಾಡಿಯಂಥ ಅಳಿವೆ ಹತ್ತಿರದ ತಗ್ಗಿನಲ್ಲಿ ಉಬ್ಬರದ ಹೊತ್ತಿಗೆ ತೋಡು ಹಿಂದಕ್ಕೆ ಹರಿಯುತ್ತದೆ. ಕೆಳಗಿನ ಕೊಳಕು ಮೇಲೆ ಬಂದು ನಿಲ್ಲುತ್ತದೆ. ಆಗ ಮೂಲ ಹುಡುಕಿಕೊಂಡು ಮೇಲಕ್ಕೆ ಹೋದರೆ ಏನೂ ಸಿಗುವುದಿಲ್ಲ. ಇಳಿತದ ಹೊತ್ತಿಗೆ ಹೋಗಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೀನುಗಾರರ ಹತ್ತಿರ ಕೇಳಿದರೆ ಬಾಯಲ್ಲೇ ಹೇಳುತ್ತಾರೆ.

ಚೀಲಕ್ಕೆ ಜಾಸ್ತಿ ಏನೂ ಬೇಡ. ಉದ್ದ ಕೋಲು, ಹಗ್ಗ ಕಟ್ಟಿದ ಬಕೆಟ್, ಮುಚ್ಚಳ ಬಿಗಿಯಾಗುವ ಒಂದೆರಡು ಪಾರದರ್ಶಕ ಬಾಟಲಿ, ಬಿಳಿ ಪ್ಲಾಸ್ಟಿಕ್ ಟ್ರೇ, ಪಿಎಚ್ ಪಟ್ಟಿ (ನೀರು ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಕಾಗದ), ಥರ್ಮಾಮೀಟರ್, ರಬ್ಬರ್ ಕೈಗವಸು, ಗಮ್ ಬೂಟು. ಆರ್‌ಓ ರಿಪೇರಿಯವರ ಹತ್ತಿರ ಇರುವಂಥ, ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಸಿಕ್ಕಿದರೆ ಒಳ್ಳೆಯದು.

ಒಬ್ಬರೇ ಹೋಗಬೇಡಿ. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬೇಡಿ, ಸಂಕದ (ಸಣ್ಣ ಸೇತುವೆಯ) ಮೇಲಿಂದ ಬಕೆಟ್ ಬಿಟ್ಟರೆ ಸಾಕು. ಮೇಲೆ ಬೆಟ್ಟದ ಕಡೆ ಮಳೆ ಬಂದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಕಾಲಲ್ಲಿ ಗಾಯ ಇದ್ದವರು ದಡದಲ್ಲೇ ನಿಲ್ಲಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಇಲಿ ಜ್ವರ ಹೊಸತಲ್ಲ. ತೋಡಿಗೆ ಇಳಿದ ಮೇಲೆ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಬಂದರೆ ಡಾಕ್ಟರಿಗೆ "ತೋಡಿನ ನೀರಿಗೆ ಇಳಿದಿದ್ದೆ" ಅಂತ ಮೊದಲೇ ಹೇಳಿ. ಅದೊಂದು ಮಾತು ಹೇಳದೆ ಇದ್ದರೆ ಚಿಕಿತ್ಸೆ ತಡವಾಗಬಹುದು.

ನೀರಿನ ಮೇಲೆ ಎಣ್ಣೆಯಂಥ ಪೊರೆ, ಬದಿಯಲ್ಲಿ ಕಿತ್ತಳೆ ಕೆಸರು

ನಮ್ಮ ಕಡೆ ಅತಿ ಹೆಚ್ಚು ಜನ ಹೆದರುವುದು ಇದಕ್ಕೆ. ಅತಿ ಹೆಚ್ಚು ಸಲ ಏನೂ ಆಗಿರದೆ ಇರುವುದೂ ಇದರಲ್ಲೇ.

ಕೋಲಿನಿಂದ ಆ ಪೊರೆಯನ್ನು ಕದಡಿ. ಪೊರೆ ಚೂರುಚೂರಾಗಿ, ಒಡೆದ ಗಾಜಿನ ಹಾಗೆ ಚೂಪು ಅಂಚು ಬಿಟ್ಟು ಬೇರೆ ಬೇರೆ ತೇಲಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಮುರಕಲ್ಲಿನಲ್ಲಿ ಕಬ್ಬಿಣ ಇದೆ. ಗಾಳಿ ಇಲ್ಲದ ಒಳನೀರಿನಲ್ಲಿ ಕರಗಿರುವ ಕಬ್ಬಿಣ ಹೊರಗೆ ಬಂದು ಗಾಳಿ ತಾಗಿದ ಕೂಡಲೇ ತುಕ್ಕಾಗುತ್ತದೆ. ಈ ಬ್ಯಾಕ್ಟೀರಿಯಾ ಅದರಿಂದಲೇ ಬದುಕುತ್ತದೆ. ಕಿತ್ತಳೆ ಲೋಳೆ, ಮೇಲೆ ಮಿರುಗುವ ಪೊರೆ ಎರಡೂ ಅದರದ್ದೇ. ಗುಡ್ಡದ ಬುಡದಲ್ಲಿ, ಗದ್ದೆ ಬದುವಿನ ಒಸರಿನಲ್ಲಿ, ಮಳೆ ನಿಂತ ಮೇಲೆ ಜಾಸ್ತಿ ಕಾಣುತ್ತದೆ. ಅಪಾಯ ಇಲ್ಲ. ಬರೆದಿಟ್ಟು ಮುಂದೆ ಹೋಗಿ.

ಕೋಲು ಆಡಿಸಿದಾಗ ಪೊರೆ ಸುತ್ತಿ ಸುಳಿದು ಮತ್ತೆ ಒಂದಾಗಿ ಕೂಡಿಕೊಂಡರೆ ಅದು ನಿಜವಾದ ಎಣ್ಣೆ. ಮೂಗಿಗೂ ಗೊತ್ತಾಗುತ್ತದೆ. ಗ್ಯಾರೇಜು, ವಾಹನ ತೊಳೆಯುವ ಸರ್ವಿಸ್ ಸ್ಟೇಷನ್, ಜನರೇಟರ್ ಇಟ್ಟ ಕಟ್ಟಡ, ದಕ್ಕೆಯ ಹತ್ತಿರವಾದರೆ ಬೋಟಿನ ಅಡಿನೀರು, ಇವು ಮಾಮೂಲಿ ಮೂಲಗಳು. ಸರ್ವಿಸ್ ಸ್ಟೇಷನ್ ಆದರೆ ಎಣ್ಣೆಯ ಜೊತೆ ನೊರೆಯೂ ಬರುತ್ತದೆ.

ಪೆಟ್ರೋಲ್, ಡೀಸೆಲ್ ವಾಸನೆ ಜೋರಾಗಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಬೀಡಿ, ಬೆಂಕಿ ಹತ್ತಿರ ಬರಬಾರದು. ಟ್ಯಾಂಕರ್ ಮಗುಚಿರಬಹುದು, ಪೈಪ್ ಒಡೆದಿರಬಹುದು. ದೂರ ಸರಿದು 112ಕ್ಕೆ ಕರೆ ಮಾಡಿ.

ನೊರೆ

ಮೊದಲ ಮಳೆಗೆ ಎಲೆ, ಕಡ್ಡಿ ಕೊಳೆತ ನೀರು ಕೆಳಗೆ ಬಂದಾಗ ಕಿಂಡಿ ಅಣೆಕಟ್ಟಿನ ಅಡಿಯಲ್ಲಿ ನೊರೆ ರಾಶಿ ಬೀಳುತ್ತದೆ. ಸ್ವಲ್ಪ ಕಂದು ಬಣ್ಣ, ಮಣ್ಣಿನ ವಾಸನೆ. ಅದು ಸಹಜ. ಜೂನಿನಲ್ಲಿ ಪಣಂಬೂರು, ಮಲ್ಪೆ ಕಡಲ ಬದಿಯಲ್ಲಿ ಕಾಣುವ ನೊರೆಯೂ ಸಾಮಾನ್ಯವಾಗಿ ಹಾಗೆಯೇ.

ಸೋಪಿನ ನೊರೆ ಬೆಳ್ಳಗೆ ಇರುತ್ತದೆ, ಗುಳ್ಳೆಯಲ್ಲಿ ಬಣ್ಣ ಕಾಣುತ್ತದೆ, ಪರಿಮಳ ಬರುತ್ತದೆ. ಮಳೆಯೇ ಇಲ್ಲದ ಜನವರಿಯಲ್ಲೂ ಬರುತ್ತದೆ. ಅನುಮಾನ ಇದ್ದರೆ ಬಾಟಲಿಗೆ ಅರ್ಧ ನೀರು ತುಂಬಿ ಜೋರಾಗಿ ಅಲುಗಿಸಿ ನೆಲಕ್ಕೆ ಇಡಿ. ನೊರೆ ಬೇಗ ಕುಸಿದರೆ ಚಿಂತೆ ಬೇಡ. ಒಂದೆರಡು ನಿಮಿಷ ಆದರೂ ದಪ್ಪಗೆ ನಿಂತಿದ್ದರೆ ಸೋಪು, ಡಿಟರ್ಜೆಂಟ್ ಇರುವ ಸಾಧ್ಯತೆ ಜಾಸ್ತಿ. ಹೋಟೆಲ್, ಹಾಸ್ಟೆಲ್, ಅಪಾರ್ಟ್‌ಮೆಂಟ್‌ನ ಬಟ್ಟೆ ತೊಳೆದ ನೀರು ಮಳೆನೀರಿನ ಚರಂಡಿಗೆ ಸೇರಿರುತ್ತದೆ. ಬೆಳಿಗ್ಗೆ ಏಳರಿಂದ ಹತ್ತರ ಒಳಗೆ ನೊರೆ ಏರಿ ಮಧ್ಯಾಹ್ನಕ್ಕೆ ಇಳಿದರೆ ಅದು ಮನೆ ನೀರು ಅಂತ ಹೆಚ್ಚುಕಡಿಮೆ ಖಾತ್ರಿ.

ನೀರಿಗೆ ಬಣ್ಣ ಬಂದಿದೆ

*ಕೆಂಪು.* ಮಳೆಗಾಲದಲ್ಲಿ ಎಲ್ಲ ತೋಡುಗಳೂ ಕೆಂಪೇ. ಪಕ್ಕದ ತೋಡು ತಿಳಿಯಾಗಿದ್ದು ನಿಮ್ಮದು ಮಾತ್ರ ಕೆಂಪಾಗಿದ್ದರೆ ಮೇಲೆ ಯಾರೋ ಗುಡ್ಡ ಜರಿದಿದ್ದಾರೆ. ಹೊಸ ಲೇಔಟ್, ರಸ್ತೆ ಅಗಲ ಮಾಡುವ ಕೆಲಸ, ಕೆಂಪುಕಲ್ಲಿನ ಕೋರೆ. "ಮಣ್ಣು ತಾನೇ" ಅಂತ ಬಿಡಬೇಡಿ. ಮಣ್ಣು ತಳದ ಕಲ್ಲುಗಳ ಸಂದು ಮುಚ್ಚಿದರೆ ಮೊಟ್ಟೆ, ಹುಳ, ಮರಿಮೀನು ಎಲ್ಲಕ್ಕೂ ಉಸಿರು ಕಟ್ಟುತ್ತದೆ.

*ಬಿಳಿ.* ಇಲ್ಲಿ ಪಿಎಚ್ ಪಟ್ಟಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಪಟ್ಟಿ ಕಡು ನೀಲಿಗೆ ತಿರುಗಿದರೆ ಸಿಮೆಂಟ್ ನೀರು. ಕಾಂಕ್ರೀಟ್ ಲಾರಿ ತೊಳೆದದ್ದಿರಬೇಕು, ಪಿಎಚ್ 11ರ ಮೇಲೂ ಹೋಗುತ್ತದೆ, ಕೈ ಸುಡುತ್ತದೆ, ಮುಟ್ಟಬೇಡಿ. ಕಿತ್ತಳೆ ಕೆಂಪಿಗೆ ತಿರುಗಿ ಹುಳಿ ನಾತ ಹೊಡೆದರೆ, ಮೇಲೆ ರಬ್ಬರ್ ತೋಟ ಇದ್ದರೆ, ಹಾಲು ಹೆಪ್ಪು ಹಾಕಿ ಶೀಟ್ ಮಾಡಿದ ನೀರು ಇರಬಹುದು. ಎರಡೂ ಅಲ್ಲದಿದ್ದರೆ ಪೇಂಟ್, ಪುಟ್ಟಿ ಅಥವಾ ಕಲ್ಲು ಕೊಯ್ದ ಹುಡಿ.

ಒಂದು ಎಚ್ಚರಿಕೆ. ಕೆಂಪುಕಲ್ಲಿನ ನೆಲದ ನೀರು ಹುಟ್ಟಾ ಸ್ವಲ್ಪ ಹುಳಿ. ಪಟ್ಟಿ 6ರ ಆಸುಪಾಸು ತೋರಿಸಿದರೆ ಅದೇ ದೊಡ್ಡ ಸುದ್ದಿ ಅಲ್ಲ.

*ತಿಳಿ ನೀಲಿ.* ಮಳೆಗಾಲದ ಸುರುವಿಗೆ, ಆಮೇಲೆ ಮತ್ತೆ ಆಟಿಯಲ್ಲಿ (ಜುಲೈ-ಆಗಸ್ಟ್) ಅಡಿಕೆ ಕೊಳೆರೋಗಕ್ಕೆ ಮದ್ದು ಬಿಡುತ್ತಾರಲ್ಲ, ಆ ದಿನಗಳಲ್ಲಿ ನೋಡಿ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ತೋಟಕ್ಕೆ ಬಿಟ್ಟದ್ದಕ್ಕಿಂತ ಡ್ರಮ್ಮು, ಪಂಪು, ಪೈಪು ತೋಡಿನಲ್ಲಿ ತೊಳೆದದ್ದೇ ಮೀನಿಗೆ ಜೋರು ಪೆಟ್ಟು. ಮೈಲುತುತ್ತಿನಲ್ಲಿರುವ ತಾಮ್ರ ಮೀನಿಗೆ ವಿಷ. ಗಡಸು ನೀರಿನಲ್ಲಿ ಅದರ ವಿಷ ಕಡಿಮೆ, ನಮ್ಮಂಥ ಮೆದು ನೀರಿನಲ್ಲಿ ಜಾಸ್ತಿ. ಇದಕ್ಕೆ ದೂರು, ಪೊಲೀಸು ಯಾವುದೂ ಬೇಡ. ತೋಟದವರ ಹತ್ತಿರ ಹೋಗಿ, "ಅಣ್ಣ, ಡ್ರಮ್ ತೊಳೆದ ನೀರು ತೋಟದಲ್ಲೇ ಚೆಲ್ಲಿಬಿಡಿ, ತೋಡಿಗೆ ಬೇಡ" ಅಂದರೆ ಹೆಚ್ಚಿನವರು ಕೇಳುತ್ತಾರೆ.

*ಹಳದಿ ಕಂದು, ಹುಳಿ ವಾಸನೆ.* ಹತ್ತಿರ ಕುಚ್ಚಲಕ್ಕಿ ಮಿಲ್ ಇದ್ದರೆ ಭತ್ತ ನೆನೆಸಿ ಬೇಯಿಸಿದ ನೀರು. ಥರ್ಮಾಮೀಟರ್ ಇಟ್ಟು ನೋಡಿ, ಪೈಪಿನ ಬಾಯಿಯ ಹತ್ತಿರ ನೀರು ಬೆಚ್ಚಗೂ ಇರಬಹುದು.

ಕಪ್ಪು ನೀರು, ಕೊಳೆತ ಮೊಟ್ಟೆಯ ನಾತ

ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕೆಸರು ಯಾವತ್ತೂ ಕಪ್ಪು, ಯಾವತ್ತೂ ನಾರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹರಿಯುವ ನೀರೇ ಕಪ್ಪಾಗಿ, ಬೂದಾಗಿ ಕಂಡರೆ ಅದು ಬಹುತೇಕ ಕಕ್ಕಸಿನ ನೀರು. ಆಮ್ಲಜನಕ ಖಾಲಿಯಾದ ಮೇಲೆ ಬೇರೆ ಬ್ಯಾಕ್ಟೀರಿಯಾಗಳು ಗಂಧಕದ ಅನಿಲ ಬಿಡುತ್ತವೆ, ನಾತ ಅದರದ್ದು.

ಒಂದು ಕಲ್ಲು ಎತ್ತಿ ನೋಡಿ. ಮೇಲೆ ಬೂದು ಬಣ್ಣದ, ನೂಲುನೂಲಾದ ಲೋಳೆ ಹಿಡಿದಿದ್ದರೆ ಇದು ಇವತ್ತು ನಿನ್ನೆಯದ್ದಲ್ಲ, ವಾರಗಟ್ಟಲೆಯಿಂದ ಬರುತ್ತಿದೆ. ಲೋಳೆ ಇಲ್ಲದೆ ನೀರು ಮಾತ್ರ ಕಪ್ಪಾಗಿದ್ದರೆ ಹೊಸದಾಗಿ ಆದದ್ದು.

ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಜೋರು ಮಳೆಗೆ ಮಾತ್ರ ಬಂದರೆ ಮಳೆನೀರು ಒಳಚರಂಡಿಗೆ ನುಗ್ಗಿ ಮ್ಯಾನ್‌ಹೋಲ್ ಉಕ್ಕುತ್ತಿದೆ. ಕರೆಂಟ್ ಹೋದಾಗ ಬಂದರೆ ಒಳಚರಂಡಿ ನೀರು ಕೂಡಿಸಿ ಮೇಲೆತ್ತುವ ಗುಂಡಿಯ, ಅಂದರೆ ವೆಟ್‌ವೆಲ್‌ನ ಪಂಪ್ ನಿಲ್ಲುತ್ತಿದೆ. ದಿನಾ ಒಂದೇ ಸಮ ಬರುತ್ತಿದ್ದರೆ ಯಾವುದೋ ಕಟ್ಟಡದ ಪೈಪ್ ನೇರ ಚರಂಡಿಗೆ ಕೊಟ್ಟಿದ್ದಾರೆ. ರಾತ್ರಿ ಹೊತ್ತು, ರಸ್ತೆ ತೋಡಿನ ಹತ್ತಿರ ಬರುವ ಜಾಗದಲ್ಲಿ, ಒಮ್ಮೆಲೇ ಬಂದು ಬೆಳಿಗ್ಗೆ ಇಲ್ಲ ಅಂತಾದರೆ ಕಕ್ಕಸು ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಲಾರಿಯ ಅನುಮಾನ. ಲಾರಿ ಕಂಡರೆ ಅಡ್ಡ ಹಾಕಬೇಡಿ. ದೂರದಿಂದ ನಂಬರ್, ಸಮಯ, ಜಾಗ ಬರೆದುಕೊಳ್ಳಿ, ಅಷ್ಟೇ.

ಮುಚ್ಚಿದ ಚರಂಡಿ, ಕಲ್ವರ್ಟಿನ ಒಳಗೆ, ಮ್ಯಾನ್‌ಹೋಲಿಗೆ ತಲೆ ಹಾಕಬೇಡಿ, ಟಾರ್ಚ್ ಹಿಡಿದು ಬಗ್ಗುವುದೂ ಬೇಡ. ಆ ಗಂಧಕದ ಅನಿಲ ಜಾಸ್ತಿ ಆದಾಗ ಮೂಗು ಸತ್ತುಹೋಗುತ್ತದೆ, ವಾಸನೆಯೇ ಬರುವುದಿಲ್ಲ. ಮುಂದಿನ ಉಸಿರಿಗೆ ಮನುಷ್ಯ ಬೀಳುತ್ತಾನೆ. ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಬೇರೆಯವರನ್ನು ಇಳಿಸಿ ಶುಚಿ ಮಾಡಿಸುವುದೂ 2013ರ ಕಾನೂನಿನ ಪ್ರಕಾರ ಅಪರಾಧ.

ಮೀನು ಸತ್ತು ತೇಲುತ್ತಿದೆ

ಇದು ತುರ್ತು. ಬಾಕಿ ಎಲ್ಲ ಬಿಟ್ಟು ಇದನ್ನು ನೋಡಿ, ಯಾಕೆಂದರೆ ಕೆಲವೇ ಗಂಟೆಯಲ್ಲಿ ಸಾಕ್ಷ್ಯ ಕಡಲಿಗೆ ಹೋಗಿರುತ್ತದೆ.

ಮೊದಲು, ಯಾವ ಮೀನು ಸತ್ತಿದೆ? ಮುಗುಡು ನೀರಿನ ಮೇಲೆ ಬಂದು ಗಾಳಿ ಕುಡಿದು ಬದುಕಬಲ್ಲದು. ಬೇರೆ ಮೀನು ಸತ್ತು ಮುಗುಡು ಮಾತ್ರ ಆರಾಮಾಗಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ. ಮುಗುಡು, ಏಡಿ, ಕಪ್ಪೆಮರಿ ಎಲ್ಲವೂ ಸತ್ತಿದ್ದರೆ ವಿಷ ಅಂತಲೇ ಎಣಿಸಿ.

ಆಮ್ಲಜನಕ ಇಳಿದು ಸಾಯುವುದು ಹೆಚ್ಚಾಗಿ ಬೆಳಗಿನ ಜಾವ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಉಪಯೋಗಿಸುತ್ತದೆ. ನೀರು ಹಸಿರಾಗಿದ್ದರೆ, ಅಂತರಗಂಗೆ ಮುಚ್ಚಿಕೊಂಡಿದ್ದರೆ ಈ ಅನುಮಾನ ಬಲವಾಗುತ್ತದೆ. ಮೇ ಕೊನೆಯ ಮೊದಲ ಮಳೆಗೆ ಚರಂಡಿಯಲ್ಲಿ ತಿಂಗಳುಗಟ್ಟಲೆ ಕೂಡಿದ ಹೊಲಸು ಒಟ್ಟಿಗೆ ಬಂದಾಗಲೂ ಹೀಗೆಯೇ. ಕಿಂಡಿ ಅಣೆಕಟ್ಟಿನ ಹಲಗೆ ತೆಗೆದ ದಿನ ಅಡಿಯಲ್ಲಿ ಕೊಳೆತ ಕಪ್ಪು ನೀರು ಕೆಳಗೆ ಹೋಗಿ ಮೀನು ಸಾಯಬಹುದು. ಹಾಗಾಗಿ ಹಲಗೆ ಯಾವಾಗ ತೆಗೆದರು ಅಂತ ಮೊದಲು ವಿಚಾರಿಸಿ.

ವಿಷದ್ದಾದರೆ ಒಂದು ನಿರ್ದಿಷ್ಟ ಜಾಗದಿಂದ ಕೆಳಗೆ ಮಾತ್ರ ಸತ್ತಿರುತ್ತವೆ, ಮೇಲೆ ಮೀನು ಆಡುತ್ತಿರುತ್ತದೆ. ಕ್ಲೋರಿನ್ ವಾಸನೆ ಬಂದರೆ, ಗುಂಡಿಯ ಬದಿಯಲ್ಲಿ ಬಿಳಿ ಹುಡಿ, ಖಾಲಿ ಚೀಲ ಬಿದ್ದಿದ್ದರೆ ಯಾರೋ ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿದಿದ್ದಾರೆ. ಕಾರ್ಖಾನೆ ಹುಡುಕಿಕೊಂಡು ಹೊರಟವರಿಗೆ ಕೊನೆಗೆ ಸಿಗುವುದು ಊರಿನವರೇ, ಏನು ಮಾಡುವುದು ಮಾರಾಯ್ರೆ!

ಸತ್ತ ಮೀನು ಯಾರೂ ತಿನ್ನಬಾರದು, ಮಾರಬಾರದು. ನಾಯಿ, ಬಾತುಕೋಳಿ ಬಿಡಬೇಡಿ. ಕೆಳಗಿನ ಮನೆಗಳಿಗೆ ಹೇಳಿಕಳಿಸಿ. ಮೇಲಿನದ್ದು, ಕೆಳಗಿನದ್ದು ಅಂತ ಎರಡು ಬಾಟಲಿ ನೀರು ತುಂಬಿ ಐಸಿನಲ್ಲಿಡಿ. ಸಾಯುತ್ತಿರುವ, ಇನ್ನೂ ಕೊಳೆಯದ ಒಂದೆರಡು ಮೀನನ್ನು ಬೇರೆ ಕವರಿಗೆ ಹಾಕಿ ಐಸಿನಲ್ಲಿಡಿ. ಕೊಳೆತದ್ದರಿಂದ ಏನೂ ತಿಳಿಯುವುದಿಲ್ಲ. ಆಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಮೀನುಗಾರಿಕೆ ಇಲಾಖೆಗೂ ಫೋನ್ ಮಾಡಿ.

ನೀರು ತಿಳಿಯಾಗಿದೆ, ಆದರೂ ಏನೋ ಸರಿಯಿಲ್ಲ

ಕಣ್ಣಿಗೆ ಕಾಣದ್ದನ್ನು ಹುಳಗಳು ಹೇಳುತ್ತವೆ. ಮಳೆ ಕಡಿಮೆಯಾದ ಮೇಲೆ, ಮೊಣಕಾಲಿನಿಂದ ಕೆಳಗೆ ನೀರಿರುವ ಜಾಗದಲ್ಲಿ ಅಂಗೈ ಅಗಲದ ಕಲ್ಲೊಂದನ್ನು ಮೆಲ್ಲ ಎತ್ತಿ ಬಿಳಿ ಟ್ರೇಯಲ್ಲಿ ತೊಳೆಯಿರಿ. ಅರ್ಧ ನಿಮಿಷ ಸುಮ್ನೆ ನೋಡಿ. ಚಪ್ಪಟೆ ಮೈ, ಹಿಂದೆ ಮೂರು ಬಾಲದ ಎಳೆ, ಹೊಟ್ಟೆಯ ಬದಿಯಲ್ಲಿ ಬಡಿದುಕೊಳ್ಳುವ ಕಿವಿರುಗಳು ಇರುವ ಮರಿ ಹರಿದಾಡಿದರೆ ನೀರು ಚೆನ್ನಾಗಿದೆ. ಮರಳಿನ ಕಣ ಅಂಟಿಸಿ ಗೂಡು ಕಟ್ಟಿಕೊಂಡ ಹುಳ ಸಿಕ್ಕಿದರೂ ಹಾಗೆಯೇ. ಇವೆರಡೂ ಕೊಳಕು ನೀರಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಅವು ಒಂದೂ ಇಲ್ಲದೆ ರಕ್ತಗೆಂಪಿನ ಸಣ್ಣ ಹುಳಗಳು, ಬಾಲ ಉದ್ದ ಮಾಡಿ ಮೇಲಿಂದ ಉಸಿರಾಡುವ ಹುಳಗಳು ಮಾತ್ರ ತುಂಬಿದ್ದರೆ ಆ ತೋಡಿಗೆ ಆಗಾಗ ಹೊಲಸು ಬರುತ್ತಿದೆ, ನೀವು ಹೋದ ಹೊತ್ತಿಗೆ ತಿಳಿಯಾಗಿದೆ ಅಷ್ಟೆ. ನೋಡಿದ ಮೇಲೆ ಕಲ್ಲನ್ನು ಅದೇ ಜಾಗದಲ್ಲಿ, ಅದೇ ಮಗ್ಗುಲಲ್ಲಿ ಇಡಿ.

ಟಿಡಿಎಸ್ ಮೀಟರ್ ಇದ್ದರೆ ಈಗ ಹಾಕಿ. ಕೆಂಪುಕಲ್ಲಿನ ಪ್ರದೇಶದ ಶುದ್ಧ ತೋಡಿನಲ್ಲಿ ಸಾಮಾನ್ಯವಾಗಿ 100 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಒಳಗಿರುತ್ತದೆ. ಮೇಲಿನ ಸಂಕದಲ್ಲಿ 60, ಕೆಳಗಿನ ಸಂಕದಲ್ಲಿ 250 ಬಂದರೆ ನಡುವೆ ಏನೋ ಸೇರಿದೆ. ಅಳಿವೆ ಹತ್ತಿರ ಸಾವಿರಗಟ್ಟಲೆ ತೋರಿಸಿದರೆ ಅದು ಉಪ್ಪುನೀರು. ಕಡಲಿನ ನೀರೇ ಸುಮಾರು 35,000 ಇರುತ್ತದೆ.

ಬದಿಯ ಬಾವಿಯ ನೀರು ಕೆಟ್ಟಿದೆ

ತೋಡು ಹಾಳಾದರೆ ಪಕ್ಕದ ಬಾವಿಯೂ ಹಾಳಾಗುತ್ತದೆ. ಮುರಕಲ್ಲು ತೂತುತೂತು, ನೀರನ್ನು ಶೋಧಿಸುವುದಕ್ಕಿಂತ ಬೇಗ ಬಿಟ್ಟುಕೊಡುತ್ತದೆ. ಇದಕ್ಕೆ ಎಚ್‌2ಎಸ್ ಬಾಟಲಿ ಅಂತ ಸಿಗುತ್ತದೆ. ಗುರುತಿನವರೆಗೆ ನೀರು ತುಂಬಿ ನೆರಳಲ್ಲಿಟ್ಟರೆ ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಅನುಮಾನ. 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ ವಿಧಾನ ಇದು. ಗ್ರಾಮ ಪಂಚಾಯತಿಗಳಿಗೆ ಜಲ ಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಹೋಗಿ ಕೇಳಿ. ಕಪ್ಪಾದರೆ ಕುಡಿಯುವ ನೀರು ಕುದಿಸಿ, ಪ್ರಯೋಗಾಲಯಕ್ಕೆ ಕಳಿಸಿ. ಕಪ್ಪಾಗಲಿಲ್ಲ ಅಂತ ನೂರಕ್ಕೆ ನೂರು ಶುದ್ಧ ಅಂತ ಹೇಳುವ ಹಾಗಿಲ್ಲ. ಇದನ್ನು ತೋಡಿನ ಕೆಸರು ನೀರಿಗೆ ಹಾಕಿ ಪ್ರಯೋಜನ ಇಲ್ಲ, ಅದು ಹೇಗೂ ಕಪ್ಪಾಗುತ್ತದೆ.

ಮೂಲ ಹುಡುಕುವುದು: ಸಂಕದಿಂದ ಸಂಕಕ್ಕೆ

ಲಕ್ಷಣ ಗೊತ್ತಾಯಿತು, ಇನ್ನು ಜಾಗ. ದಡ ಹಿಡಿದು ಇಡೀ ತೋಡು ನಡೆಯಬೇಡಿ, ಹಾವು, ಮುಳ್ಳು, ಬೇರೆಯವರ ತೋಟ ಎಲ್ಲ ಅಡ್ಡ ಬರುತ್ತದೆ. ಸಂಕಗಳ ಪಟ್ಟಿ ಮಾಡಿ. ಉಡುಪಿಯ ಇಂದ್ರಾಣಿ ಆದರೆ ಕಲ್ಸಂಕ ಒಂದು ಗುರುತು. ಹೊಲಸು ಕಂಡ ಸಂಕದಿಂದ ಬಹಳ ಮೇಲಿನ, ನೀರು ಚೆನ್ನಾಗಿರುವ ಸಂಕಕ್ಕೆ ಹೋಗಿ. ಆಮೇಲೆ ಎರಡರ ನಡುವಿನ ಸಂಕ ನೋಡಿ. ಅಲ್ಲಿ ಚೆನ್ನಾಗಿದ್ದರೆ ಮೂಲ ಕೆಳಗಿನ ಅರ್ಧದಲ್ಲಿ, ಕೆಟ್ಟಿದ್ದರೆ ಮೇಲಿನ ಅರ್ಧದಲ್ಲಿ. ಹೀಗೆ ಅರ್ಧ ಮಾಡುತ್ತಾ ಬಂದರೆ ಬೇಗ ಎರಡು ಸಂಕಗಳ ನಡುವೆ ಬಂದು ನಿಲ್ಲುತ್ತೀರಿ. ಅಲ್ಲಿ ಬೇರೆ ತೋಡು ಬಂದು ಸೇರಿದ್ದರೆ ಅದರಲ್ಲೂ ಒಂದು ಬಕೆಟ್ ಇಳಿಸಿ.

ಬಟ್ಟೆ ಒಗೆಯುವವರು, ದನ ತೊಳೆಯುವವರು, ಗಾಳ ಹಾಕಿ ಕೂತ ಅಜ್ಜ, ಇವರಿಗಿಂತ ಒಳ್ಳೆಯ ಮೀಟರ್ ಇಲ್ಲ. "ಇದು ಯಾರ ಕೆಲಸ" ಅಂತ ಕೇಳಬೇಡಿ, ಬಾಯಿ ಬಿಡುವುದಿಲ್ಲ. "ಅಕ್ಕ, ಇದು ಯಾವಾಗಿಂದ ಹೀಗೆ? ಯಾವ ದಿನ ಜಾಸ್ತಿ?" ಅಂತ ಕೇಳಿ.

ಪೈಪ್ ಸಿಕ್ಕಿದರೂ ಕಾಂಪೌಂಡ್ ಹಾರಬೇಡಿ. ಪೈಪಿಗೆ ಬಣ್ಣ ಹಾಕಿ ನೋಡುವುದು, ಬಾಯಿ ಮುಚ್ಚುವುದು ಬೇಡವೇ ಬೇಡ. ಹೊರಗಿನಿಂದ ಫೋಟೋ, ಪೈಪ್ ಸೇರುವುದಕ್ಕಿಂತ ಮೇಲಿನ ನೀರು ಒಂದು ಬಾಟಲಿ, ಕೆಳಗಿನ ನೀರು ಒಂದು ಬಾಟಲಿ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು.

ಪ್ರಯೋಗಾಲಯ ಬೇಕಾದಾಗ

ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರು ಒಪ್ಪಿದರೆ ಆಮ್ಲಜನಕದ ಪರೀಕ್ಷೆ ಮಾಡಿಸಬಹುದು. ಗುಳ್ಳೆ ಬಾರದ ಹಾಗೆ ಬಾಟಲಿ ತುಂಬಿ ಅಲ್ಲೇ ಎರಡು ದ್ರಾವಣ ಹಾಕುತ್ತಾರೆ. ಕಂದು ಬಣ್ಣದ ಗಷ್ಟು ಕಟ್ಟಿದರೆ ಆಮ್ಲಜನಕ ಇದೆ. ಬೆಳ್ಳಗೇ ಉಳಿದರೆ ಇಲ್ಲ. ಆ ದ್ರಾವಣಗಳು ಮೈ ಸುಡುತ್ತವೆ, ಕಲಿತವರ ಕೈಯಲ್ಲೇ ಇರಲಿ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಲೀಟರಿಗೆ 5 ಮಿಲಿಗ್ರಾಂ ಅಥವಾ ಜಾಸ್ತಿ ಆಮ್ಲಜನಕ, 3 ಮಿಲಿಗ್ರಾಂ ಒಳಗೆ ಬಿಓಡಿ (ನೀರಿನ ಹೊಲಸನ್ನು ಅರಗಿಸಲು ಬ್ಯಾಕ್ಟೀರಿಯಾ ಬಳಸುವ ಆಮ್ಲಜನಕ) ಇರಬೇಕು. ಮೀನು ಬದುಕಲು ಆಮ್ಲಜನಕ 4 ಆದರೂ ಬೇಕು. ಬಿಓಡಿಯ ನೀರು ಐಸಿನಲ್ಲಿಟ್ಟು ಅದೇ ದಿನ ತಲುಪಬೇಕು. ಫಲಿತಾಂಶಕ್ಕೆ ಮೂರು ದಿನ, 27 ಡಿಗ್ರಿಯಲ್ಲಿಡುತ್ತಾರೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಟ್ಟ ಬಾಟಲಿ, ಆರು ಗಂಟೆ ಒಳಗೆ ವಾಪಸು.

ದೂರು ಕೊಡುವಾಗ

ಒಂದು ವಿಷಯ ತಿಳಿದಿರಲಿ. 1974ರ ಜಲ ಮಾಲಿನ್ಯ ಕಾಯ್ದೆಯಲ್ಲಿ ಕೋರ್ಟಿಗೆ ನಡೆಯುವ ಸ್ಯಾಂಪಲ್ ಅಂದರೆ ಮಂಡಳಿಯ ಅಧಿಕಾರಿ ನೋಟಿಸ್ ಕೊಟ್ಟು ತೆಗೆದು, ಎರಡು ಭಾಗ ಮಾಡಿ, ಸೀಲ್ ಹಾಕಿದ್ದು. ನೀವು ತುಂಬಿದ ಬಾಟಲಿ ಆ ಸಾಕ್ಷ್ಯ ಅಲ್ಲ. ಅಧಿಕಾರಿ ಯಾವ ಹೊತ್ತಿಗೆ, ಯಾವ ಸಂಕಕ್ಕೆ ಬಂದರೆ ಅವರ ಬಾಟಲಿಗೆ ಹೊಲಸು ಬೀಳುತ್ತದೆ ಅನ್ನುವುದನ್ನು ಹೇಳಿಕೊಡುವುದೇ ನಿಮ್ಮ ಕೆಲಸ.

ಒಳಚರಂಡಿ, ಮ್ಯಾನ್‌ಹೋಲ್ ಆದರೆ ಮಂಗಳೂರಿನಲ್ಲಿ ಮಹಾನಗರ ಪಾಲಿಕೆ, ಉಡುಪಿಯಲ್ಲಿ ನಗರಸಭೆ, ಹಳ್ಳಿಯಲ್ಲಿ ಪಂಚಾಯತಿ ಪಿಡಿಓ. ಕಾರ್ಖಾನೆ, ಮಿಲ್, ಸರ್ವಿಸ್ ಸ್ಟೇಷನ್ ಆದರೆ ಮಾಲಿನ್ಯ ನಿಯಂತ್ರಣ ಮಂಡಳಿ. ಉತ್ತರ ಬಾರದಿದ್ದರೆ ರಾಜ್ಯ ಸರ್ಕಾರದ ದೂರು ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ಬರವಣಿಗೆ ಹೀಗಿದ್ದರೆ ಸಾಕು: "ಎರಡನೇ ಸಂಕ ಮತ್ತು ಮೂರನೇ ಸಂಕದ ನಡುವೆ, ಎಡದಂಡೆ, ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಆರೂವರೆಗೆ, ಇಳಿತದ ಹೊತ್ತು, ಮಳೆ ಇರಲಿಲ್ಲ, ಬೂದು ನೀರು, ಮೊಟ್ಟೆಯ ನಾತ, ಮೇಲೆ ಟಿಡಿಎಸ್ 70, ಕೆಳಗೆ 310." ಯಾರ ಹೆಸರೂ ಬರೆಯಬೇಡಿ, ಅದು ತನಿಖೆ ಮಾಡುವವರ ಕೆಲಸ.

ಸರಿ ಮಾಡಿದ್ದೇವೆ ಅಂತ ಉತ್ತರ ಬಂದ ಮೇಲೆ ಅದೇ ವಾರ, ಅದೇ ಹೊತ್ತಿಗೆ, ಅದೇ ಸಂಕಕ್ಕೆ ಹೋಗಿ ಬಕೆಟ್ ಇಳಿಸಿ. ಒಂದು ತಿಂಗಳು ಬಿಟ್ಟು ಕಲ್ಲು ಎತ್ತಿ ನೋಡಿ. ಬೂದು ಲೋಳೆ ಬಿಟ್ಟಿದ್ದರೆ ದೂರಿನ ಕಡತ ಮುಚ್ಚಬಹುದು. ಇನ್ನೂ ಹಿಡಿದಿದ್ದರೆ ಅದೇ ನಂಬರ್ ಹಾಕಿ ಮತ್ತೆ ಬರೆಯಿರಿ.